ಕಡಲ ಕೊಂಡಾಳಿ

ನಾನೊಂದು ಟೇಪ್ ರೆಕಾರ್ಡರ್. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ ಒಬ್ಬ ಹೆಂಗಸು ನನ್ನನ್ನು ಜೋಡಿಸಿದಳು. ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ ನನ್ನಂಥ ನಲವತ್ತು ಮಂದಿ ಹೊಟ್ಟೆ ತೆರೆದುಕೊಂಡು ಮಲಗಿದ್ದೆವು. ಅವಳು ನನ್ನೊಳಗೆ ಎರಡು ಪುಟ್ಟ ತಲೆಗಳನ್ನು ಕೂರಿಸಿ ತಿರುಪು ಬಿಗಿದಳು. ಒಂದು ತಲೆ ಕೇಳಿದ್ದನ್ನು ಬರೆದುಕೊಳ್ಳುತ್ತದೆ. ಇನ್ನೊಂದು ತಲೆ ಅದಕ್ಕೂ ಮೊದಲು ಅಲ್ಲಿದ್ದ ಹಳೆಯದನ್ನು ಒರೆಸಿಹಾಕುತ್ತದೆ. ಎರಡೂ ಒಂದೇ ಗುಂಡಿ ಒತ್ತಿದರೆ ಕೆಲಸಕ್ಕೆ ಹತ್ತುತ್ತವೆ. ಇದು ಒಳ್ಳೆಯ ಏರ್ಪಾಡೋ ಕೆಟ್ಟ ಏರ್ಪಾಡೋ ಎಂದು ಆಗ ನಾನು ಯೋಚಿಸಿರಲಿಲ್ಲ.

ನನ್ನನ್ನು ಕೊಂಡದ್ದು ಸರ್ಕಾರ. ಕುಂದಾಪುರದ ಒಂದು ಕಚೇರಿಯಲ್ಲಿ ನನ್ನ ಹೊಟ್ಟೆಯ ಕೆಳಗೆ ಬಿಳಿ ಬಣ್ಣದಲ್ಲಿ ‘ಕಡಲನುಡಿ ಯೋಜನೆ, ಸಂಖ್ಯೆ ೭’ ಎಂದು ಬರೆದರು. ಕರಾವಳಿಯ ಸಣ್ಣ ಊರುಗಳಿಗೆ ಆ ವರ್ಷ ಒಂದೇ ಯೋಜನೆಯಲ್ಲಿ ಮೂರು ನೆರವು ಬಂದಿತ್ತು. ಗದ್ದೆಯವರಿಗೆ ಬಿತ್ತನೆ ಬೀಜ, ಮೀನುಗಾರರಿಗೆ ದೋಣಿ, ಮತ್ತು ಅವರು ಆಡುವ ಮಾತಿಗೆ ಒಂದು ನಿಘಂಟು. ಕಡಲಿನ ಕಡೆ ಮುಖ ಮಾಡದವರೂ ದೋಣಿಗೆ ಅರ್ಜಿ ಹಾಕುತ್ತಾರೆಂಬ ಭಯ ಸರ್ಕಾರಕ್ಕೆ. ಹಾಗಾಗಿ ಅರ್ಜಿದಾರರಿಗೆ ಕಸುಬು ಗೊತ್ತಿದೆ ಎಂದು ನಿಘಂಟಿನ ಅಧಿಕಾರಿಯೇ ಸಹಿ ಹಾಕಬೇಕೆಂದು ನಿಯಮ ಮಾಡಿದರು. ಕಸುಬಿನ ಮಾತು ತಿಳಿದವನಿಗೆ ಕಸುಬಿನವರು ಯಾರೆಂದು ತಿಳಿಯದೆ ಇರುತ್ತದೆಯೇ? ಕಾಗದದ ಮೇಲೆ ಅದು ಸರಿಯಾಗಿಯೇ ಕಾಣುತ್ತಿತ್ತು.

ಆ ಅಧಿಕಾರಿಯೇ ನನ್ನ ಮೊದಲ ಯಜಮಾನ, ಡಾ. ಉದಯಚಂದ್ರ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಜೇನಿನಂಥ ಮಾತು.

ಜೂನ್ ತಿಂಗಳ ಒಂದು ಬೆಳಿಗ್ಗೆ ಅವರು ನನ್ನನ್ನು ಹೆಗಲಿಗೆ ಹಾಕಿಕೊಂಡು ಬಡಾಕೋಡಿ ಎಂಬ ಊರಿಗೆ ಹೋದರು. ಮಳೆಗಾಲದಲ್ಲಿ ಕಡಲಿಗೆ ಇಳಿಯುವಂತಿಲ್ಲ. ದೋಣಿಗಳೆಲ್ಲ ತೆಂಗಿನ ಮಡಲಿನ ಚಪ್ಪರದಡಿ ಮಗುಚಿ ಬಿದ್ದಿದ್ದವು. ಊರಿನ ಕೊನೆಯ ಮನೆ ಚಿಕ್ಕು ಮರಕಾಲ್ತಿಯದು. ಅವಳಿಗೆ ಆಗ ನಲವತ್ತರ ಹತ್ತಿರ ವಯಸ್ಸು. ಗಂಡ ತೀರಿಹೋಗಿದ್ದ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಹತ್ತು ಊರು ತಿರುಗಿ ಮನೆ ನಡೆಸುತ್ತಿದ್ದಳು. ಕಣ್ಣು ಮಂಜಾದ ಅತ್ತೆ ಅಕ್ಕಣಿ ಮತ್ತು ಬೇರೆಯವರ ದೋಣಿಗೆ ಕೂಲಿಗೆ ಹೋಗುತ್ತಿದ್ದ ತಮ್ಮ ಶೀನ, ಇಷ್ಟೇ ಅವಳ ಸಂಸಾರ.

ಬಂದವರು ಡಾಕ್ಟರು ಎಂದು ಕೇಳಿ ಅಕ್ಕಣಿ ಮೊಣಕಾಲು ಮುಂದೆ ಚಾಚಿದಳು. “ನಾನು ಆ ಡಾಕ್ಟರಲ್ಲಮ್ಮ, ಮಾತಿನ ಡಾಕ್ಟರು” ಎಂದು ಅವರು ನಕ್ಕರು. ಮುದುಕಿ ನನ್ನನ್ನು ಸವರಿ ನೋಡಿದಳು.

“ಇದ್ ಎಂತ ಪೆಟ್ಗಿ ಮರ್ರೆ?”

“ನೀವು ಹೇಳಿದ್ದನ್ನೆಲ್ಲ ಇದು ಇಟ್ಟುಕೊಳ್ಳುತ್ತದೆ. ನೀವು ಹೋದ ಮೇಲೂ ನಿಮ್ಮ ದನಿ ಇದರಲ್ಲಿ ಇರುತ್ತದೆ.”

“ಹೌದಾ? ಹಾಂಗಾರೆ ಇಟ್ಕಣ್ಲಿ” ಎಂದಳು ಅಕ್ಕಣಿ. ಚಿಕ್ಕು ಮಾತ್ರ ಬಾಗಿಲಲ್ಲೇ ನಿಂತಿದ್ದಳು. “ಡಾಕ್ಟ್ರೆ, ದೋಣಿಗ್ ಅರ್ಜಿ ಹಾಕಿತ್ತ್. ನನ್ನ್ ಹೆಸ್ರಂಗೆ. ತಮ್ಮ ಹೋತ ಕಡ್ಲಿಗೆ. ನೀವ್ ಸಹಿ ಹಾಕ್ಕ್ ಅಂಬ್ರ್.”

“ನೀವು ನನಗೆ ಮಾತು ಕೊಡಿ, ನಾನು ನಿಮಗೆ ದೋಣಿ ಕೊಡಿಸುತ್ತೇನೆ” ಎಂದರು ಅವರು.

ನಲವತ್ತು ದಿನ ಅತ್ತೆ ಸೊಸೆ ಮಾತು ಕೊಟ್ಟರು. ಮಳೆಯಲ್ಲಿ ನನ್ನನ್ನು ಹೊತ್ತು ತಿರುಗುವುದು ಕಷ್ಟವೆಂದು ಡಾಕ್ಟರು ನನ್ನನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು; ಗುಂಡಿ ಒತ್ತುವುದನ್ನು ಚಿಕ್ಕು ಎರಡೇ ದಿನದಲ್ಲಿ ಕಲಿತಳು. ಅತ್ತೆ ನೆನಪು ಮಾಡಿಕೊಂಡು ಹೇಳುವುದು, ಸೊಸೆ ಬಿಡಿಸಿ ಹೇಳುವುದು. ಬಂಗ್ಡೆ ಬೆರಳುದ್ದ ಇದ್ದಾಗ ಒಂದು ಹೆಸರು, ಗೇಣುದ್ದವಾದಾಗ ಇನ್ನೊಂದು ಹೆಸರು. ದಡಕ್ಕೆ ಬಂದು ಒಡೆಯುವ ಅಲೆ ಬೇರೆ, ಒಡೆಯದೆ ಕಾಲೆಳೆಯುವ ಅಲೆ ಬೇರೆ. ಬಲೆ ಎಳೆಯುವಾಗ ಕೂಗುವ ಕೂಗು, ಬಲೆ ಹರಿದಾಗ ಬೈಯುವ ಬೈಗುಳ. ಅಕ್ಕಣಿ ಹಲ್ಲಿಲ್ಲದ ಬಾಯಲ್ಲಿ ನಗುತ್ತಾ, ಕೆಮ್ಮುತ್ತಾ ಹೇಳುತ್ತಿದ್ದಳು. ನಾನು ಒಂದನ್ನೂ ಬಿಡದೆ ಬರೆದುಕೊಂಡೆ. ಹನ್ನೆರಡು ಕ್ಯಾಸೆಟ್ ತುಂಬಿತು. ಯಂತ್ರಕ್ಕೂ ಹೊಟ್ಟೆ ತುಂಬಿದ ತೃಪ್ತಿ ಇರುತ್ತದೆ.

ಮಳೆ ನಿಂತಿತು. ಡಾಕ್ಟರು ನನ್ನನ್ನು ಕಚೇರಿಗೆ ಒಯ್ದರು.

ಅವರು ಬಡಾಕೋಡಿಗೆ ಬಂದಾಗೆಲ್ಲ ಉಣ್ಣುತ್ತಿದ್ದುದು ಬಸ್ ನಿಲ್ದಾಣದ ಹೋಟೆಲಿನ ಸದಾನಂದನ ಮನೆಯಲ್ಲಿ. ಸದಾನಂದನಿಗೆ ನೀರೆಂದರೆ ಹೆದರಿಕೆ, ಹಳ್ಳದ ಮೇಲಿನ ಸಂಕ ದಾಟುವಾಗಲೂ ಇನ್ನೊಬ್ಬರ ಕೈ ಹಿಡಿಯುವವನು. ಅವನೂ ದೋಣಿಗೆ ಅರ್ಜಿ ಹಾಕಿದ್ದ. ಊರಿಗೆ ಬಂದದ್ದು ಒಂದೇ ದೋಣಿ. ಒಂದು ಮಧ್ಯಾಹ್ನ ಕಚೇರಿಯ ಮೇಜಿನ ಮೇಲೆ ನಾನು ಕೂತಿದ್ದಾಗಲೇ ಡಾಕ್ಟರು ಗುಮಾಸ್ತನಿಗೆ ಹೇಳಿ ಬರೆಸಿದರು: “ಅರ್ಜಿದಾರರಾದ ಚಿಕ್ಕು ಮರಕಾಲ್ತಿ ಇವರನ್ನು ಖುದ್ದಾಗಿ ಪರೀಕ್ಷಿಸಲಾಗಿದೆ. ಇವರಿಗೆ ಕಡಲ ಕಸುಬಿನ ಜ್ಞಾನವಾಗಲಿ, ಆ ಕಸುಬಿನ ಮಾತಿನ ಪರಿಚಯವಾಗಲಿ ಇಲ್ಲ.” ಕೆಳಗೆ ಸಹಿ ಹಾಕಿದರು. ಮೊಹರು ಬಿತ್ತು. ಅದೇ ಮೇಜಿನ ಇನ್ನೊಂದು ಬದಿಯಲ್ಲಿ ಅವಳ ಮಾತಿನ ಹನ್ನೆರಡು ಕ್ಯಾಸೆಟ್ ಇದ್ದವು. ನನಗೆ ಬಾಯಿದ್ದರೂ ಗುಂಡಿ ಒತ್ತದೆ ಮಾತಾಡುವಂತಿಲ್ಲ. ಆ ದಿನದಷ್ಟು ನನ್ನ ಹುಟ್ಟನ್ನು ನಾನು ಎಂದೂ ಹಳಿದುಕೊಂಡಿಲ್ಲ.

ದೋಣಿ ಸದಾನಂದನ ಪಾಲಾಯಿತು. ಅವನು ಅದನ್ನು ಹೋಟೆಲಿನ ಹಿಂದೆ ಮಗುಚಿ, ಕೆಳಗೆ ಸೌದೆ ಒಟ್ಟಿದ. ನಿಘಂಟಿನ ಮೊದಲ ಸಂಪುಟ ಅಚ್ಚಾಯಿತು. ಮುಖಪುಟದಲ್ಲಿ ಡಾಕ್ಟರ ಹೆಸರು, ಒಳಗೆ ಡಾಕ್ಟರ ಫೋಟೊ. ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ಸಹಕಾರ: ಊರಿನ ಅನಕ್ಷರಸ್ಥರು’ ಎಂದಿತ್ತು. ಆಕಾಶವಾಣಿಯವರು ಅವರನ್ನು ಭಾಷಣಕ್ಕೆ ಕರೆದರು. ಮನೆಯಲ್ಲಿ ಅಭ್ಯಾಸ ಮಾಡಿಕೊಳ್ಳಲು ಅವರಿಗೆ ಖಾಲಿ ಕ್ಯಾಸೆಟ್ ಬೇಕಿತ್ತು. ಕಚೇರಿ ಹೊಸದನ್ನು ಕೊಡಲಿಲ್ಲ. ಅವರು ಆ ಹನ್ನೆರಡರಲ್ಲಿ ಒಂದನ್ನು ನನ್ನ ಬಾಯಿಗೆ ತುರುಕಿ ಗುಂಡಿ ಒತ್ತಿದರು.

ಅಳಿಸಿದ್ದು ನನ್ನದೇ ತಲೆ. ಅಕ್ಕಣಿಯ ನಗು ನನ್ನ ತಲೆಯ ಕೆಳಗೇ ಹಾದು ಇಲ್ಲವಾಯಿತು. ಒಂದೊಂದು ಅಭ್ಯಾಸಕ್ಕೆ ಒಂದರಂತೆ ಹನ್ನೆರಡೂ.

ದೀಪಾವಳಿ ಕಳೆದು ತಿಂಗಳೊಳಗೆ ಅಕ್ಕಣಿ ತೀರಿಕೊಂಡಳು. ಅದು ನನಗೆ ತಿಳಿದದ್ದು ಮುಂದಿನ ಜೂನಿನಲ್ಲಿ. ಸರ್ಕಾರಕ್ಕೆ ಮೊದಲ ಸಂಪುಟ ಮೆಚ್ಚುಗೆಯಾಗಿ ಎರಡನೆಯದಕ್ಕೆ ಆದೇಶ ಬಂತು. ಡಾಕ್ಟರು ಒಂದಿಷ್ಟೂ ನಾಚದೆ ನನ್ನನ್ನು ಹೊತ್ತು ಮತ್ತೆ ಚಿಕ್ಕುವಿನ ಬಾಗಿಲಿಗೆ ಬಂದರು.

ಶೀನ ಅವರನ್ನು ಕಂಡದ್ದೇ ಮೂಲೆಯಲ್ಲಿದ್ದ ಹುಟ್ಟುಗೋಲಿಗೆ ಕೈ ಹಾಕಿದ. ಚಿಕ್ಕು ಅವನ ತೋಳು ಹಿಡಿದಳು. ಅರ್ಜಿ ತಿರಸ್ಕರಿಸಿದ ಕಾಗದವನ್ನು ಶಾಲೆಯ ಮೇಷ್ಟ್ರು ಅವಳಿಗೆ ಓದಿ ಹೇಳಿ ಏಳು ತಿಂಗಳಾಗಿತ್ತು. ಅವಳು ಅದನ್ನು ಮಡಿಸಿ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದಳು.

“ಮೇಲಿನವರ ತಪ್ಪು ಚಿಕ್ಕು, ನನ್ನ ಕೈಯಲ್ಲಿ ಏನಿತ್ತು?” ಎಂದರು ಡಾಕ್ಟರು. “ಈ ಸಲ ನಿನ್ನದು ಖಂಡಿತ ಆಗುತ್ತದೆ.”

“ಆಯ್ತ್ ಬಿಡಿ. ಅತ್ತೆ ದನಿ ಒಂದ್ ಸಲ ಕೇಳ್ಕ್ ಅಂತೇಳಿ ಆಸಿ. ಆ ಕ್ಯಾಸೆಟ್ ತಂದಿದ್ರ್ಯಾ?”

“ಅದು ಸರ್ಕಾರದ ಕಪಾಟಿನಲ್ಲಿ ಭದ್ರವಾಗಿದೆ. ಹಾಗೆಲ್ಲ ಹೊರಗೆ ತರುವಂತಿಲ್ಲ.”

ಅವರು ಊಟಕ್ಕೆ ಸದಾನಂದನ ಮನೆಗೆ ಹೋದರು. ಚಿಕ್ಕು ನನ್ನ ಚೀಲ ತೆರೆದಳು. ಒಳಗೆ ನಾಲ್ಕು ಕ್ಯಾಸೆಟ್. ಒಂದರ ಮೂಲೆಯಲ್ಲಿ ಅತ್ತೆಯ ಎಲೆಯಡಿಕೆಯ ಕೆಂಪು ಕಲೆ ಇನ್ನೂ ಇತ್ತು. ಅವಳ ಮುಖ ಅರಳಿತು. ಸೆರಗಿನಲ್ಲಿ ಒರೆಸಿ ನನ್ನೊಳಗೆ ಇಟ್ಟು ಗುಂಡಿ ಒತ್ತಿದಳು.

“ಕಡಲ ಮಕ್ಕಳ ನುಡಿಯನ್ನು ಉಳಿಸಿಕೊಳ್ಳುವುದು ನಮ್ಮೆಲ್ಲರ ಕರ್ತವ್ಯ...” ಡಾಕ್ಟರ ದನಿ. ಅವಳು ಮುಂದಕ್ಕೆ ಓಡಿಸಿದಳು. “ನುಡಿಯನ್ನು ಉಳಿಸಿಕೊಳ್ಳುವುದು...” ತಿರುಗಿಸಿ ಹಾಕಿದಳು. ಮತ್ತೆ ಅದೇ ಭಾಷಣ. ಕೊನೆಯಲ್ಲಿ, ಭಾಷಣ ಮುಗಿದು ಟೇಪಿನ ಪಟ್ಟಿ ಮುಗಿಯುವುದರೊಳಗೆ, ಒರೆಸದೆ ಉಳಿದಿದ್ದ ಗೇಣುದ್ದ ಜಾಗ. ಅಲ್ಲಿ ಒಂದು ಕೆಮ್ಮು. ಆಮೇಲೆ ಸೊಸೆಯನ್ನು ಕರೆಯುವ ಅಕ್ಕಣಿಯ ದನಿ: “ಹೆಣೆ, ಒಂಚೂರ್ ನೀರ್...” ಅಷ್ಟೇ. ಟಕ್ ಎಂದು ಗುಂಡಿ ಎದ್ದಿತು.

ಚಿಕ್ಕು ಅದನ್ನು ಇನ್ನೊಮ್ಮೆ ಕೇಳಿದಳು. ಮತ್ತೊಮ್ಮೆ ಕೇಳಿದಳು. ಅಳಲಿಲ್ಲ. ನನ್ನ ಮುಚ್ಚಳ ಮುಚ್ಚಿ ಅದರ ಮೇಲೆ ಕೈಯಿಟ್ಟಳು. ಅವಳ ಅಂಗೈ ಸುಡುತ್ತಿತ್ತು.

“ಅಕ್ಕ, ಅಂವ ಬಪ್ಪತಿಗೆ ನಾನ್ ಕಾಣ್ತೆ” ಎಂದ ಶೀನ, ಹುಟ್ಟು ಕೈಯಲ್ಲೇ ಇತ್ತು.

“ಬ್ಯಾಡ. ಹೊಡ್ದ್ರೆ ಎರಡ್ ದಿನದಂಗೆ ಗುಣ ಆತ್ತ್. ಇವ್ನಿಗೆ ಗುಣ ಆಪುಕಾಗ” ಎಂದಳು ಚಿಕ್ಕು.

ಮೀನು ಮಾರುವ ಹೆಂಗಸರಿಗೆ ಆ ಕಡೆ ತಮ್ಮದೇ ಒಂದು ಗುಟ್ಟಿನ ಮಾತಿತ್ತು. ಬುಟ್ಟಿಮಾತು ಎಂದು ಅದರ ಹೆಸರು. ಗಿರಾಕಿಯ ಎದುರೇ ಗಿರಾಕಿಯ ವಿಷಯ ಆಡಿಕೊಳ್ಳಲು ಅತ್ತೆಯಿಂದ ಸೊಸೆಗೆ, ಬುಟ್ಟಿಯಿಂದ ಬುಟ್ಟಿಗೆ ಬಂದದ್ದು. ಗಂಡಸರಿಗೆ ಅದು ಗೊತ್ತಿರಲಿಲ್ಲ, ಕಟ್ಟಿಕೊಂಡ ಗಂಡನಿಗೂ ಹೇಳುತ್ತಿರಲಿಲ್ಲ. ಮರುದಿನ ಬೆಳಿಗ್ಗೆಯಿಂದ ಚಿಕ್ಕು ಡಾಕ್ಟರಿಗೆ ಬುಟ್ಟಿಮಾತು ಕೊಡತೊಡಗಿದಳು, ಅರ್ಥವನ್ನು ಮಾತ್ರ ತಾನೇ ಹೊಲಿದು. ನೆರೆಮನೆಯ ದಾರು ಮಗ್ಗುಲಲ್ಲಿ ಕೂತು, ಮುಖ ಗಂಟಿಕ್ಕಿಕೊಂಡು ತಲೆಯಾಡಿಸುತ್ತಿದ್ದಳು.

ಕೊಳೆತ ಮೀನಿಗೆ ಹೇಳುವ ಶಬ್ದವನ್ನು ಕಡಲದೇವತೆಯ ಹೆಸರೆಂದಳು. ಜಿಪುಣನಿಗೆ ಹೇಳುವುದನ್ನು ಹಬ್ಬದ ಹೆಸರೆಂದಳು. ಹೊಸ ದೋಣಿ ನೀರಿಗಿಳಿಸುವಾಗ ಹಿರಿಯರು ಹೇಳುತ್ತಿದ್ದ ಮಂತ್ರ ಬೇಕೆಂದು ಡಾಕ್ಟರು ಕೇಳಿದರು. ಚಿಕ್ಕು ಕಣ್ಣು ಮುಚ್ಚಿ ರಾಗವಾಗಿ ಹೇಳಿದಳು: “ತಳಕೆ ಮೂರ್ಗಣ್ಣ, ಮೇಲ್ಕೆ ಹೂಬಾಳೆ, ಕೊಂಡಾಳಿ ಕೈಗೆ ಇಕ್ಕ್ ಕಳ್ಸೇ ತಾಯೇ.” ಡಾಕ್ಟರಿಗೆ ರೋಮಾಂಚನವಾಯಿತು. ಮೂರ್ಗಣ್ಣ ಎಂದರೆ ಮುಕ್ಕಣ್ಣ ಶಿವನೇ ಇರಬೇಕು, ಇದು ಸಾವಿರ ವರ್ಷದ್ದು ಎಂದರು. ಕೊಂಡಾಳಿ ಎಂದರೆ ಯಾರೆಂದು ಕೇಳಿದರು.

“ಎಲ್ಲಾ ತಿಳ್ದ್ ದೊಡ್ಡ ಮನುಷ್ರಿಗೆ ಹಾಂಗ್ ಅಂಬುದ್. ಆ ಹೆಸ್ರ್ ಸುಮಾರ್ದವರಿಗೆ ಸಿಕ್ಕುದಲ್ಲ. ನಿಮ್ಗಾರೆ ಸಮಾ ಆತ್ತ್ ಕಾಣಿ.”

ಡಾಕ್ಟರು ನಾಚಿಕೊಂಡಂತೆ ನಕ್ಕು, ಬರೆದುಕೊಂಡರು.

ಒಂದು ವಿಷಯದಲ್ಲಿ ಮಾತ್ರ ಅವಳು ಸುಳ್ಳು ಹೇಳಲಿಲ್ಲ. ಗಾಳಿಗಳ ಹೆಸರು, ನೀರೊಳಗಿನ ಬಂಡೆಗಳ ಹೆಸರು ಕೇಳಿದಾಗೆಲ್ಲ “ಅದ್ ನಂಗೊತ್ತಿಲ್ಲೆ” ಎಂದಳು. ಏಕೆ ಬಿಟ್ಟೆ ಎಂದು ಆಮೇಲೆ ದಾರು ಕೇಳಿದಳು. “ಗಾಳಿ ಹೆಸ್ರ್ ಸುಳ್ಳ್ ಹೇಳಿರೆ ನಾಳೆ ಅದನ್ನ್ ಓದ್ದವ ಯಾವನಾರೂ ಮುಳ್ಗಿ ಸಾಯ್ತ. ನಂಗೆ ಬೇಕಾದ್ದ್ ಒಬ್ನೇ.”

ಡಾಕ್ಟರು ಯಾರ ಹತ್ತಿರವೂ ತಾಳೆ ನೋಡಲಿಲ್ಲ. ಮೊದಲ ಸಂಪುಟದಲ್ಲಿ ಒಂದು ತಪ್ಪೂ ಸಿಕ್ಕಿರಲಿಲ್ಲವಲ್ಲ.

ಮಾರ್ಚ್ ತಿಂಗಳಲ್ಲಿ ಕುಂದಾಪುರದ ಮೈದಾನದಲ್ಲಿ ಶಾಮಿಯಾನ ಹಾಕಿ ಸಮಾರಂಭ ಮಾಡಿದರು. ಒಂದೇ ವೇದಿಕೆಯಲ್ಲಿ ರೈತರಿಗೆ ಬೀಜದ ಚೀಲ, ಮೀನುಗಾರರಿಗೆ ಬಲೆ, ಮತ್ತು ಎರಡನೆಯ ಸಂಪುಟದ ಬಿಡುಗಡೆ. ಹತ್ತು ಊರಿನ ಮೀನುಗಾರ ಹೆಂಗಸರು ಬಲೆ ಕೊಡುತ್ತಾರೆಂದು ಲಾರಿ ಹತ್ತಿ ಬಂದಿದ್ದರು. ಬೆಂಗಳೂರಿನಿಂದ ಹಿರಿಯ ಅಧಿಕಾರಿಗಳು ಬಂದಿದ್ದರು. ನನ್ನನ್ನು ಮೈಕಿನ ಮುಂದೆ ಇಟ್ಟು ಗುಂಡಿ ಒತ್ತಿದರು. ನನ್ನ ಬೆನ್ನ ಹಿಂದೆ, ಹತ್ತು ಅಡಿ ಅಗಲದ ಬಟ್ಟೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು: ‘ಕಡಲ ಕೊಂಡಾಳಿ ಡಾ. ಉದಯಚಂದ್ರ.’

ಓದಲು ಬರುವ ಒಬ್ಬ ಹುಡುಗಿ ಪಕ್ಕದವಳಿಗೆ ಅದನ್ನು ಓದಿ ಹೇಳಿದಳು. ಪಕ್ಕದವಳು ಬಾಯಿಗೆ ಸೆರಗು ಒತ್ತಿಕೊಂಡಳು. ಬೆಂಚಿನಿಂದ ಬೆಂಚಿಗೆ ಸೆರಗುಗಳು ಬಾಯಿಗೆ ಹೋದವು. ಬುಟ್ಟಿಮಾತಿನಲ್ಲಿ ಕೊಂಡಾಳಿ ಎಂದರೆ, ಎಲ್ಲ ಮೀನಿನ ಕಿವಿರು ಎತ್ತಿ ನೋಡಿ, ಮೂಸಿ, ಹೀನಾಯ ಮಾಡಿ, ರುಚಿಗೆಂದು ಎರಡು ಎತ್ತಿಕೊಂಡು, ಏನೂ ಕೊಳ್ಳದೆ ಹೋಗುವ ಗಿರಾಕಿ.

ಡಾಕ್ಟರು ಎದ್ದು ನಿಂತು, ಕೈ ಮುಗಿದು, ಸಾವಿರ ವರ್ಷದ ಮಂತ್ರವನ್ನು ರಾಗವಾಗಿ ಹೇಳಿದರು. ಮೂರು ದಿನದ ಕಣ್ಣು ಇಂಗಿದ ಮೀನು ತಳಕ್ಕೆ ಹಾಕು, ಹೊಸ ಮೀನು ಮೇಲಿಡು, ಈ ದರಿದ್ರದವನ ಕೈಗೆ ಕೊಟ್ಟು ಕಳಿಸೇ ತಾಯಿ ಎಂದು ಅದರ ಅರ್ಥ. ಇನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ಆರು ನೂರು ಹೆಂಗಸರು ಒಟ್ಟಿಗೆ ನಕ್ಕರು. ಬೆಂಚುಗಳು ಅಲುಗಾಡಿದವು. ಯಾರೋ ಕೂಗಿದರು: “ಹೋಯ್ ಕೊಂಡಾಳಿ! ಮೂರ್ಗಣ್ಣ ಬೇಕಾ?” ಹಿರಿಯ ಅಧಿಕಾರಿಗಳು ಏನು ವಿಷಯವೆಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ, ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಡಾಕ್ಟರು ಸಭೆಯಲ್ಲಿ ಕಣ್ಣಾಡಿಸಿದರು. ಮೂರನೆಯ ಸಾಲಿನಲ್ಲಿ ಒಬ್ಬಳು ಮಾತ್ರ ನಗದೆ ಕೂತಿದ್ದಳು. ಚಿಕ್ಕು ಅವರನ್ನೇ ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದಳು. ಅವರ ಮುಖ ಬೂದಿಯಾಗುವುದನ್ನು ನಾನು ಹತ್ತಿರದಿಂದ ಕಂಡೆ. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷದಿಂದ ಪಟ್ಟಿ ಸುತ್ತಿದ್ದು ಇನ್ನೊಂದು ದಿನವಿಲ್ಲ. ವೇದಿಕೆಯ ಹಿಂದೆ ಹೋದ ಮೇಲೆ ಅವರು ನನ್ನನ್ನು ಗೋಡೆಗೆ ಎಸೆದರು. ನನ್ನ ಒಂದು ಮೂಲೆ ಒಡೆಯಿತು. ಒಡೆದರೆ ಒಡೆಯಲಿ ಅನ್ನಿಸಿತು.

ಅವರು ಸುಮ್ಮನಿರಲಿಲ್ಲ. ಚಿಕ್ಕು ಮರಕಾಲ್ತಿ ಬೇಕೆಂದೇ ಸುಳ್ಳು ಹೇಳಿ ಸರ್ಕಾರಕ್ಕೆ ಮೋಸ ಮಾಡಿದ್ದಾಳೆ, ಅವಳ ಮನೆಯವರಿಗೆ ಯಾವ ನೆರವೂ ಕೊಡಬಾರದು, ತಮ್ಮನ ಮೀನುಗಾರಿಕೆಯ ಪರವಾನಗಿಯನ್ನೂ ರದ್ದು ಮಾಡಬೇಕು ಎಂದು ಮೇಲಕ್ಕೆ ಬರೆದರು. ವಿಚಾರಣೆಗೆ ನಾಗವೇಣಿ ಎಂಬ ಅಧಿಕಾರಿ ಬಂದರು. ಸಾಕ್ಷಿಯೆಂದು ನನ್ನನ್ನೂ ಜೀಪಿನಲ್ಲಿ ತಂದರು. ಡಾಕ್ಟರು ಜೊತೆಗಿದ್ದರು. ಅಂಗಳ ತುಂಬ ಜನ. ಶೀನನ ಮುಖ ಬಿಳಿಚಿತ್ತು. ಪರವಾನಗಿ ಹೋದರೆ ಅವನಿಗೆ ಕೂಲಿಯೂ ಇಲ್ಲ.

“ಏನಮ್ಮ, ತಿಳಿದೂ ತಿಳಿದೂ ತಪ್ಪು ಅರ್ಥ ಹೇಳಿದೆಯಂತೆ?” ಎಂದರು ನಾಗವೇಣಿ.

ಚಿಕ್ಕು ಒಳಗೆ ಹೋಗಿ ಅಕ್ಕಿ ಡಬ್ಬಿಯಿಂದ ಕಾಗದ ತಂದಳು. “ನಂಗ್ ಓದುಕ್ ಬತ್ತಿಲ್ಲೆ ಅಮ್ಮಾ. ನೀವೇ ದೊಡ್ಡಕ್ ಓದಿ.”

ನಾಗವೇಣಿ ಓದಿದರು. ಕಡಲ ಕಸುಬಿನ ಜ್ಞಾನವಾಗಲಿ, ಮಾತಿನ ಪರಿಚಯವಾಗಲಿ ಇಲ್ಲ. ಓದುತ್ತಾ ಓದುತ್ತಾ ಅವರ ದನಿ ನಿಧಾನವಾಯಿತು.

“ಸಹಿ ಯಾರ್ದ್ ಕಾಣಿ” ಎಂದಳು ಚಿಕ್ಕು. “ಎಂತದೂ ಗೊತ್ತಿಲ್ದ್ ಹೆಂಗ್ಸಿನ್ ಹತ್ರ ಎರಡ್ ಪುಸ್ತಕಕ್ಕಾಪಷ್ಟ್ ಮಾತ್ ಎಂತಕ್ ಕೇಂಡ್ರ್ ಇವ್ರ್? ಗೊತ್ತಿಲ್ದವ್ಳ್ ತಪ್ಪ್ ಹೇಳಿರೆ ಅದ್ ಮೋಸ ಹ್ಯಾಂಗಾತ್ತ್? ಗೊತ್ತಿತ್ತ್ ಅಂದ್ರೆ ಈ ಕಾಗ್ದ ಸುಳ್ಳ್. ಇಲ್ಲೆ ಅಂದ್ರೆ ನನ್ನ್ ಮೇಲಿನ್ ಪುಕಾರ್ ಸುಳ್ಳ್. ಯಾವ್ದ್ ಸುಳ್ಳ್ ಅಂತ ಅವ್ರೇ ಹೇಳ್ಲಿ.”

ಎಲ್ಲರೂ ಡಾಕ್ಟರ ಕಡೆ ತಿರುಗಿದರು. ಜೇನಿನಂಥ ಮಾತಿನವರು ಹೋಗಿ ಜೀಪಿನಲ್ಲಿ ಕೂತರು.

ನಾಗವೇಣಿ ಬಸ್ ನಿಲ್ದಾಣಕ್ಕೆ ಹೋಗಿ ಹೋಟೆಲಿನ ಹಿಂದಿನ ದೋಣಿಯನ್ನೂ ಕಂಡು ಬಂದರು. ಅವರ ವರದಿ ಹೋಗಿ ಎರಡು ತಿಂಗಳಲ್ಲಿ ಡಾಕ್ಟರನ್ನು ಯೋಜನೆಯಿಂದ ತೆಗೆದರು. ದೋಣಿಯನ್ನು ಚಿಕ್ಕುವಿನ ಹೆಸರಿಗೆ ಮಾಡಿದರು. ಅದನ್ನು ತರಲು ಚಿಕ್ಕು ಸಂತೆಯ ದಿನವನ್ನೇ ಆರಿಸಿದಳು, ನಡು ಮಧ್ಯಾಹ್ನ, ಹೋಟೆಲು ತುಂಬ ಜನ ಉಣ್ಣುವ ಹೊತ್ತು. ಸೌದೆಯನ್ನು ತಾನೇ ಒಂದೊಂದಾಗಿ ಎಳೆದು ಸದಾನಂದನ ಬಾಗಿಲ ಮುಂದೆ ಎಸೆದಳು. ಶೀನ ಮತ್ತು ಏಳು ಮಂದಿ ದೋಣಿಯನ್ನು ಹೆಗಲ ಮೇಲೆ ಹೊತ್ತು ರಸ್ತೆಯ ನಡುವೆಯೇ ನಡೆದರು. ಬಸ್ಸುಗಳು ನಿಂತವು. ಹಿಂದೆ ಬುಟ್ಟಿ ಹೊತ್ತ ಹೆಂಗಸರ ಸಾಲು. ದಡ ಮುಟ್ಟುವವರೆಗೆ ಅವರ ಬಾಯಲ್ಲಿ ಇದ್ದದ್ದು ಡಾಕ್ಟರ ಮಂತ್ರ.

ಒಡೆದ ಮೂಲೆಯ ನನ್ನನ್ನು ಕಚೇರಿ ವಾಪಸು ಕೇಳಲಿಲ್ಲ. ‘ಕೆಟ್ಟಿದೆ, ಬೇಡ’ ಎಂದು ಬರೆದು ನಾಗವೇಣಿ ನನ್ನನ್ನು ಚಿಕ್ಕುವಿನ ಮನೆಯಲ್ಲೇ ಬಿಟ್ಟರು. ಗೇಣುದ್ದದ ಆ ದನಿ ಇದ್ದ ಕ್ಯಾಸೆಟ್ಟೂ ನನ್ನ ಚೀಲದಲ್ಲೇ ಉಳಿಯಿತು. ಕೆಲವು ವರ್ಷ ಅವಳು ಅದನ್ನು ಕೇಳಿದಳು. ಆಮೇಲೆ ಕಡಲ ಉಪ್ಪುಗಾಳಿಗೆ ನನ್ನ ತಲೆಗಳು ತುಕ್ಕು ಹಿಡಿದವು, ರಬ್ಬರಿನ ಪಟ್ಟಿ ಕರಗಿ ಅಂಟಾಯಿತು. ಈಗ ನಾನು ಅಟ್ಟದ ಕಿಟಕಿಯ ಬಳಿ, ಹರಿದ ಬಲೆಯ ಮೇಲೆ ಕೂತಿದ್ದೇನೆ.

ಡಾಕ್ಟರು ಒಮ್ಮೆ ಬಂದಿದ್ದರು. ನಿವೃತ್ತರಾಗಿ, ಕೋಲೂರಿಕೊಂಡು. ಊರು ದಾಟಿ ಊರಿಗೆ ಹೋದರೂ ಕೊಂಡಾಳಿ ಎಂಬ ಹೆಸರು ತಮ್ಮನ್ನು ಬಿಡಲಿಲ್ಲ ಎಂದರು. ಮೊಮ್ಮಗಳೂ ಹಾಗೇ ಕರೆಯುತ್ತಾಳಂತೆ, ಅರ್ಥ ಗೊತ್ತಿಲ್ಲದೆ. ಸಾಯುವ ಮೊದಲು ಎರಡನೆಯ ಸಂಪುಟ ಸರಿಮಾಡಬೇಕು, ನಿಜವಾದ ಅರ್ಥ ಹೇಳು ತಾಯಿ ಎಂದು ಕೇಳಿಕೊಂಡರು. ಈ ಸಲ ಪುಸ್ತಕದಲ್ಲಿ ಅವಳ ಹೆಸರೂ ಹಾಕುತ್ತಾರಂತೆ. ಚಿಕ್ಕು ಅವರಿಗೆ ನೀರು ಕೊಟ್ಟಳು. ಕುಡಿದಾಗುವವರೆಗೆ ಕಾದಳು.

“ನಮ್ಮತ್ತೆ ದನಿ ತಂದ್ ಕೊಡಿ. ಅದೇ ಗಳ್ಗಿ ಎಲ್ಲಾ ಹೇಳ್ತೆ” ಎಂದಳು.

ಅವರು ಲೋಟ ಕೆಳಗಿಟ್ಟು ಎದ್ದು ಹೋದರು. ಅವಳಿಗೆ ಅಯ್ಯೋ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ಮುಪ್ಪು ಬಂದರೆ ಮನಸ್ಸು ಮೆತ್ತಗಾಗುತ್ತದೆ ಎನ್ನುತ್ತಾರೆ. ನಮ್ಮಿಬ್ಬರಿಗೆ ಹಾಗೇನೂ ಆಗಿಲ್ಲ.

ಒಂದು ಮಾತು ಮಾತ್ರ ಈ ಕಿಟಕಿಯ ಬಳಿ ಕೂತು ತಿಳಿದುಕೊಂಡೆ. ಮಾತನ್ನು ಉಳಿಸಲು ಸರ್ಕಾರ ನನ್ನನ್ನು ಕೊಂಡಿತ್ತು, ಎರಡು ಸಂಪುಟ ಅಚ್ಚು ಹಾಕಿಸಿತ್ತು. ಮೊದಲನೆಯದು ಕದ್ದದ್ದು, ಎರಡನೆಯದು ಸುಳ್ಳು. ಮಾತನ್ನು ನಿಜವಾಗಿ ಉಳಿಸಿದ್ದು ಆ ಒಂದು ದೋಣಿ. ದೋಣಿ ನೀರಿಗಿಳಿದ ದಿನದಿಂದ ಅಲೆಗೆ ಹೆಸರು ಬೇಕಾಯಿತು, ಗಾಳಿಗೆ ಹೆಸರು ಬೇಕಾಯಿತು, ಬಲೆ ಹರಿದಾಗ ಬೈಯಲು ಬೈಗುಳ ಬೇಕಾಯಿತು. ಶೀನನ ಜೊತೆ ಹೋದ ಹುಡುಗರು ಅದನ್ನೆಲ್ಲ ಕಲಿಯಲೇಬೇಕಾಯಿತು.

ಈಗ ಹೊತ್ತು ಏರಿದೆ. ದೋಣಿ ಹಿಂದಿರುಗುತ್ತಿದೆ. ತಲೆ ಪೂರ್ತಿ ನರೆತ ಚಿಕ್ಕು ದಡದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, ಬರುವ ಅಲೆಯನ್ನು ನೋಡಿ, ದೋಣಿಯವರಿಗೆ ಒಂದು ಮಾತು ಕೂಗಿ ಎಚ್ಚರಿಸುತ್ತಿದ್ದಾಳೆ. ಅದನ್ನು ಕೇಳಿದ್ದೇ ಅವರು ಹುಟ್ಟು ಎತ್ತಿ ಹಿಡಿದರು. ಅಲೆ ಕೆಳಗೇ ಹಾದುಹೋಯಿತು. ಆ ಮಾತು ಯಾವ ಪುಸ್ತಕದಲ್ಲೂ ಇಲ್ಲ. ಅದೇನೆಂದು ನಾನು ನಿಮಗೂ ಹೇಳುವುದಿಲ್ಲ.